ಮೂರು ಹಿಡಿ ಉಪ್ಪು

ಶಿಂಷಾ ಹೊಳೆಯ ದಂಡೆಯಲ್ಲಿ ನಿರ್ವಾಣಯ್ಯನವರ ಆಶ್ರಮ. ಗುರುಗಳು ಹಿಂದೊಮ್ಮೆ ಎತ್ತಿನಗಾಡಿಯಿಂದ ಬಿದ್ದು, ತಲೆ ಒಡೆದು, ಬದುಕಿ ಬಂದವರು. ಅಂದಿನಿಂದ ಅವರ ಮುಖದ ಬಲಭಾಗ ನಗುವುದಿಲ್ಲ. ಅದರ ಪಾಲನ್ನೂ ಎಡಭಾಗವೇ ನಗುತ್ತದೆ.

ತಲೆಗೆ ಏಟಾಗಿ ಉಳಿದವರನ್ನು ಊರೂರಿನವರು ಅಲ್ಲಿಗೇ ಕರೆತರುತ್ತಿದ್ದರು.

ಶಿಷ್ಯ ಜವರೇಶ ತೆಂಗಿನ ಮರದಿಂದ ಬಿದ್ದವನು. ಏಳು ಹಳ್ಳಿಯಲ್ಲಿ ಅವನಷ್ಟು ಎತ್ತರ ಹತ್ತಿದ ಗಂಡಿಲ್ಲ. ಅಷ್ಟು ಎತ್ತರದಿಂದ ಬಿದ್ದು ಎದ್ದು ಬಂದವನಂತೂ ಇಲ್ಲವೇ ಇಲ್ಲ. ಒಂದೇ ಕೊರತೆ. ಈಗಷ್ಟೇ ಮಾಡಿದ್ದು ಈಗಲೇ ಮರೆತುಹೋಗುತ್ತಿತ್ತು. ಅದನ್ನು ಮಾತ್ರ ಅವನು ಒಪ್ಪುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಾಕಮ್ಮ ತನ್ನ ಗಂಡ ಸೂರಪ್ಪನನ್ನು ಕರೆತಂದಳು. ಸೂರಪ್ಪ ಮದುವೆಮನೆಗಳ ಅಡುಗೆಯವನು. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡೂ ಹೋಗಿದ್ದವು.

"ಮೂರು ತಿಂಗಳಾಯ್ತು ಬುದ್ಧಿ, ಒಲೆ ಹತ್ರ ಸುಳಿದಿಲ್ಲ. ಗೋಡೆ ನೋಡ್ಕೊಂಡು ಕೂರ್ತಾರೆ. ಇವತ್ತು ಸೌಟನ್ನೇ ಹೊಳೆಗೆ ಎಸೀತೀನಿ ಅಂತ ಹೊರಟಿದ್ರು. ಕಿತ್ಕೊಂಡು, ಇವರನ್ನೂ ಎಳ್ಕೊಂಡು ಬಂದೆ."

"ನನಗೆ ಬಿಡಿ ಬುದ್ಧಿ," ಅಂದ ಜವರೇಶ. "ಸಂಜೆಯೊಳಗೆ ಎಲ್ಲಾ ಒಪ್ಕೊಳ್ಳೋ ಹಂಗೆ ಮಾಡ್ತೀನಿ. ಇಲ್ದಿದ್ರೆ ಈ ಮೀಸೆ ಬೋಳಿಸಿ."

ಗುರುಗಳು ಎಡಗಡೆ ನಕ್ಕರು.

ಜವರೇಶ ಸೂರಪ್ಪನ ಎದುರು ಕೂತ. "ಅಣ್ಣಾ, ಹೋಗಿದ್ದು ಹೋಯ್ತು. ಒಪ್ಕೊಂಡುಬಿಡು. ನನ್ನ ನೋಡು, ಕಲ್ಲುಗುಂಡು!"

ಹೊರಗೆ ಹೋಗಿ ನೀರು ಕುಡಿದು ಬಂದ.

"ಅಣ್ಣಾ, ಹೋಗಿದ್ದು ಹೋಯ್ತು. ಒಪ್ಕೊಂಡುಬಿಡು. ನನ್ನ ನೋಡು, ಕಲ್ಲುಗುಂಡು!"

ನಾಲ್ಕನೇ ಸಲಕ್ಕೆ ಸೂರಪ್ಪ ಗೋಡೆಯಿಂದ ಮುಖ ತಿರುಗಿಸಿದ. "ಏನ್ಲಾ, ನಿನಗೇನ್ಲಾ ಹೋಗಿರೋದು?"

"ನನಗಾ? ಒಂದು ಕೂದಲೂ ಹೋಗಿಲ್ಲ!"

ಬಾಗಿಲಲ್ಲಿ ಗುರುಗಳು ನಿಂತಿದ್ದರು. "ಜವರೇಶ, ಇವತ್ತಿನ ಸಾರು ನಿಂದು. ಸೂರಪ್ಪ, ನೀನು ಏನೂ ಮಾಡಬೇಡ. ಅವನ ಪಕ್ಕ ಸುಮ್ನೆ ಕೂತಿರು."

ಮಧ್ಯಾಹ್ನ ನಲವತ್ತು ಜನ ಪಂಕ್ತಿಯಲ್ಲಿ ಕೂತರು. ಆಶ್ರಮದ ಕಟ್ಟಳೆ: ಎಲೆಯಲ್ಲಿ ಅಗುಳೂ ಬಿಡುವಂತಿಲ್ಲ, ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ.

ಮೊದಲ ತುತ್ತಿಗೇ ಎಲ್ಲರ ಕಣ್ಣಲ್ಲಿ ನೀರು. ಒಬ್ಬರು ಕೆಮ್ಮಿದರು. ಒಬ್ಬರು ಬೆಟ್ಟದ ದೇವರು ಮಾದಪ್ಪನನ್ನು ಕೂಗಿದರು. ಗುರುಗಳು ತುತ್ತಿನ ಮೇಲೆ ತುತ್ತು ಉಂಡರು.

"ಇನ್ನೊಂದು ಸೌಟು ಬಿಡಿ," ಅಂದ ಸೂರಪ್ಪ.

ಜವರೇಶ ಗುಡುಗಿದ. "ಯಾವನೋ ಅವನು, ಇಷ್ಟು ಉಪ್ಪು ಸುರಿದೋನು?"

"ನೀನೇ ಕಣ್ಲಾ," ಅಂದ ಸೂರಪ್ಪ. " ಮೂರು ಹಿಡಿ. ಒಂದು ಹಾಕಿ ಸೌದೆ ತರೋಕೆ ಹೋದೆ. ಬಂದು ಇನ್ನೊಂದು ಹಾಕ್ದೆ. 'ಆಗ್ಲೇ ಹಾಕಿದ್ದೀಯಲ್ಲೋ' ಅಂತ ನಾನಂದೆ. 'ನನಗೇನು ಮರೆವಾ?' ಅಂತ ಸಿಟ್ಟಲ್ಲಿ ನೀನು ಮೂರನೇದೂ ಹಾಕ್ದೆ."

ಜವರೇಶ ಉದ್ದದ ಪಂಕ್ತಿ ನೋಡಿದ. ನಲವತ್ತು ಜನರೂ ಕಣ್ಣೊರೆಸಿಕೊಂಡು ನುಂಗುತ್ತಿದ್ದರು.

"ಒಂದೂ ನೆನಪಿಲ್ಲಣ್ಣ," ಅಂದ. ದನಿ ಸಣ್ಣಗಾಗಿತ್ತು. "ಮರದಿಂದ ಬಿದ್ದಾಗಿಂದ ಹಿಂಗೇ. ಹೇಳ್ಕೊಳ್ಳೋಕೆ ನಾಚಿಕೆ."

"ನಾಚಿಕೆ ನಿನಗೊಬ್ಬನಿಗೇನಾ?" ಅಂದ ಸೂರಪ್ಪ. "ಮೂರು ಹಿಡಿ ಬಿದ್ಮೇಲಾದ್ರೂ ರುಚಿ ಗೊತ್ತಾದೀತು ಅಂತ ನಾನು ಎರಡನೇ ಸಲ ಬಡಿಸ್ಕೊಂಡೆ. ನೀರು ಕುಡಿದಂಗಿತ್ತು ಕಣ್ಲಾ!"

ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ಮೂರು ತಿಂಗಳಿಂದ ಬಾರದ ನಗು, ಅನ್ನ ನೆತ್ತಿಗೇರಿತು.

"ಲೇ ಸಾಕೀ, ಸೌಟು ಕೊಡು ಇಲ್ಲಿ! ನಾಳೆ ಸಾರು ನಾನು ಮಾಡ್ತೀನಿ. ಲೋ ಜವರ, ನೀನು ನಾಲಿಗೆ ಕೊಡು. ಏನೇನು ಹಾಕಿದ್ದು ಅನ್ನೋ ನೆನಪು ನನಗಿರ್ಲಿ."

ಪಂಕ್ತಿ ಎದ್ದಿದ್ದೇ ತಡ, ಎಲ್ಲರೂ ನೀರಿನ ಗಡಿಗೆಗೆ ಮುತ್ತಿದರು.

ಜವರೇಶ ಗುರುಗಳ ಕೈಗೆ ಚೊಂಬು ಕೊಟ್ಟು ತಲೆ ತಗ್ಗಿಸಿ ನಿಂತ. "ಬುದ್ಧಿ, ನನಗೆ ಮರೆವು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಸಲ ಆದ್ರೂ ಹೇಳಬಾರದಿತ್ತಾ?"

ಗುರುಗಳು ಚೊಂಬಿನ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟರು.

"ಹನ್ನೊಂದು ಸಲ ಹೇಳ್ದೆ ಕಣಪ್ಪ. ಹೇಳಿ ಹೇಳಿ ಸಾಕಾಗಿ, ಇವತ್ತು ಉಂಡೆ."