ನಾಲ್ಕು ಬೋಲ್ಟಿನ ಬೋರಲಿಂಗ

ನಾಗಮಂಗಲದ ಕಡೆ ಒಂದೂರು. ಆ ಊರಲ್ಲೊಬ್ಬಳು ಪುಟ್ಟತಾಯಮ್ಮ, ಅವಳಿಗೊಬ್ಬ ಮಗ ಬೋರಲಿಂಗ. ಕತೆ ಪೂರ್ತಿ ನಿಜ. ಸುಳ್ಳು ಬೆರೆಸಿರೋದು ರುಚಿಗೆ ಬೇಕಾದಷ್ಟೇ.

ಬೋರಲಿಂಗ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತಾಪತ್ರಯ! "ಹಾಲು ಉಕ್ಕಿದ್ರೆ ಕೂಗು" ಅಂದರೆ, ಉಕ್ಕಿ ಒಲೆ ಆರಿದ ಮೇಲೂ ಕೂಗುತ್ತಲೇ ಇದ್ದ. ಪಾತ್ರೆ ಇಳಿಸು ಅಂತ ಯಾರೂ ಹೇಳಿರಲಿಲ್ಲವಲ್ಲ!

ಇಂಥವನಿಗೆ ಪಕ್ಕದೂರಿನ ಬೆಟ್ಟೇಗೌಡರ ಮಗಳು ಚಂದ್ರಮತಿಯನ್ನು ತಂದುಕೊಳ್ಳಬೇಕು ಅಂತ ಪುಟ್ಟತಾಯಮ್ಮನ ಆಸೆ. ಗೌಡರು ಗುಡುಗಿದರು: "ಕೆಲಸದಲ್ಲಿರೋ ಗಂಡಿಗೇ ನಮ್ಮ ಹೆಣ್ಣು!"

ಪುಟ್ಟತಾಯಮ್ಮ ಓಡಿದಳು ಅಣ್ಣನ ಹತ್ತಿರ. ಅಣ್ಣ ಜವರಪ್ಪನದು ಟಿವಿ ಅಂಗಡಿ. ಮಾರೋದೂ ಅವನೇ, ಮನೆಮನೆಗೆ ಹೋಗಿ ಕೂರಿಸೋದೂ ಅವನೇ.

"ಇಟ್ಕೋತೀನಿ ತಂಗಿ. ಆದ್ರೆ ಮೂರು ಸಲ ಎಡವಟ್ಟು ಮಾಡಿದ್ರೆ ಮನೆಗೆ ಕಳಿಸ್ತೀನಿ!"

"ನೋಡ್ಲಾ ಮಗ, ಮಾವ ಹೇಳಿದ್ದನ್ನ ತಪ್ಪದೆ ಮಾಡು!" ಅಂದಳು ತಾಯಿ. ಅಲ್ಲಿಗೆ ಮುಗಿಯಿತು!

ಮೊದಲ ದಿನ ಮೇಷ್ಟ್ರ ಮನೆಗೆ ಡಿಶ್ಶು. ಬೋರಲಿಂಗ ತಾರಸಿ ಮೇಲೆ, ಜವರಪ್ಪ ಕೆಳಗೆ ಟಿವಿ ಮುಂದೆ.

"ಮಾವ, ಬಂತಾ?"

"ಇಲ್ಲ, ಒಸಿ ಎಡಕ್ಕೆ!"

"ಈಗ ಬಂತಾ?"

"ಬಂತು ಬಂತು! ಹಂಗೇ ಹಿಡ್ಕೊ! ನಾನು ಹೇಳೋಗಂಟ ಬಿಡಬ್ಯಾಡ!"

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಉಪ್ಪಿಟ್ಟು ತಂದರು. ಉಪ್ಪಿಟ್ಟು ತಿಂದ ಜವರಪ್ಪ ಹುಡುಗನನ್ನು ಮರೆತು ಅಂಗಡಿಗೆ ಹೋದ. ದನ ಮನೆಗೆ ಬರೋ ಹೊತ್ತಾದರೂ ಬೋರಲಿಂಗ ಬಿಸಿಲಲ್ಲಿ ಡಿಶ್ಶು ತಬ್ಬಿ ನಿಂತೇ ಇದ್ದ. ತಲೆ ಮೇಲೆ ಕಾಗೆ ಗೂಡು ಕಟ್ಟಿತ್ತು ಅಂತಾರೆ. ಅದು ಸುಳ್ಳು, ಬರೀ ಎರಡು ಕಡ್ಡಿ ಇಟ್ಟಿತ್ತು.

ಜವರಪ್ಪ ಓಡಿ ಬಂದು ಬೈದ: "ಅಯ್ಯೋ ಪೆದ್ದೇ! ಚಿತ್ರ ಬಂತು ಅಂದ ತಕ್ಷಣ ನಾಲ್ಕು ಬೋಲ್ಟು ಬಿಗಿ, ಇಳಿ, ನೆಟ್ಟಗೆ ಮನೆಗೆ ಬಾ! ನಾಲ್ಕು ಬಿಗಿದ್ರೆ ಯಾವ ಗಾಳಿಗೂ ಅಲ್ಲಾಡಾಕಿಲ್ಲ!"

"ಹೂಂ ಮಾವ, ಹಂಗೇ ಮಾಡ್ತೀನಿ."

ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. ಒಂದಾಯಿತು!

ಎರಡನೇ ಕೆಲಸ ಹಾಲಿನ ಡೇರಿ ಸೆಕ್ರೆಟರಿ ಮನೆಯದು. ಗೋಡೆಯಗಲದ ಎಚ್‌ಡಿ ಟಿವಿ. ಅಜ್ಜಿಯ ಮಂಚದ ಮೇಲೆ ಟಿವಿ ಅಂಗಾತ ಮಲಗಿಸಿ, ಕೆಟ್ಟಿಲ್ಲ ತಾನೆ ಅಂತ ಕರೆಂಟು ಕೊಟ್ಟು ನೋಡಿದ ಜವರಪ್ಪ. "ಆಹಾ, ಚಿತ್ರ ಬಂತು!" ಅಂದವನೇ ಬೋರಲಿಂಗನನ್ನು ಅಲ್ಲೇ ಬಿಟ್ಟು, ಗೋಡೆಗೆ ಹೊಡೆಯೋ ಮೊಳೆ ತರಲು ಅಂಗಡಿಗೆ ಹೋದ.

ಬಂದು ನೋಡುತ್ತಾನೆ, ಟಿವಿ ಮಂಚಕ್ಕೆ ನಾಲ್ಕು ಬೋಲ್ಟಿನಲ್ಲಿ ಬಿಗಿದು ಕೂತಿದೆ! ಮನೆಮಂದಿಯೆಲ್ಲ ಸುತ್ತ ನಿಂತು ಬಾವಿ ಇಣುಕಿದ ಹಾಗೆ ಬಗ್ಗಿ ವಾರ್ತೆ ನೋಡುತ್ತಿದ್ದಾರೆ! ಅಜ್ಜಿ ಮೂಲೆಯಿಂದ ಅರಚುತ್ತಿದ್ದಾಳೆ: "ನಾನೆಲ್ಲಿ ಮಲಗಲಿ? ಆ ವಾರ್ತೆಯೋನ ಮುಖದ ಮೇಲಾ?"

ಬೋರಲಿಂಗ ಆಗಲೇ ಮಂಚದಿಂದ ಇಳಿದು ನೆಟ್ಟಗೆ ಮನೆಗೆ ಹೋಗಿದ್ದ. ಜವರಪ್ಪ ಅಲ್ಲಿಗೇ ಓಡಿ ಬಂದು ಬೈದ:

"ಲೋ, ಕೂತೋರ ಕಣ್ಣಿನ ನೇರಕ್ಕೆ ಇಡಬೇಕು ಕಣ್ಲಾ! ಮೊದಲು ಮನೆ ಯಜಮಾನನ್ನ ಕೂರಿಸು. ಕಣ್ಣಿನ ಎತ್ತರ ಅಳೆ. ಆ ನೇರಕ್ಕೆ ಇಡು!"

"ಹೂಂ ಮಾವ, ಹಂಗೇ ಮಾಡ್ತೀನಿ."

ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. ಎರಡಾಯಿತು!

ಮೂರನೇದು ಅಕ್ಕಿ ಮಿಲ್ಲಿನ ಯಜಮಾನರ ಮನೆ. ಅಲ್ಲಿ ಹೋಮ್ ಥಿಯೇಟರು. ಬೋರಲಿಂಗ ಯಜಮಾನರನ್ನು ಕೂರಿಸಿದ, ಕಣ್ಣು ಅಳೆದ. ಅಕ್ಕಿ ಮೂಟೆ ಪೇರಿಸಿ, ಆರಕ್ಕೆ ಆರೂ ಸ್ಪೀಕರುಗಳನ್ನು ಅವರ ಮೂಗಿನ ಮುಂದೆ ಸಾಲಾಗಿ ಜೋಡಿಸಿದ.

"ಟಿವಿ ಎಲ್ಲಯ್ಯ?"

"ಇವುಗಳ ಹಿಂದೆ ಅದೆ ಸ್ವಾಮಿ. ಕಾಣಾಕಿಲ್ಲ, ಅಷ್ಟೇಯ."

ಅಂದು ಸ್ವಿಚ್ಚು ಒತ್ತಿದ. ಢಂ! ಯಜಮಾನರ ಮೀಸೆ ಎರಡೂ ಕಡೆ ನಿಮಿರಿ ನಿಂತಿತು, ಇವತ್ತಿಗೂ ಬಗ್ಗಿಲ್ಲ.

ಸದ್ದು ಕೇಳಿ ಓಡಿ ಬಂದ ಜವರಪ್ಪನಿಗೆ ಅಳುವೇ ಬಂತು. "ಫೈವ್ ಪಾಯಿಂಟ್ ಒನ್ ಅಂದ್ರೆ ಗೊತ್ತೇನ್ಲಾ? ಐದು ಸಣ್ಣವು, ಒಂದು ದಪ್ಪದ್ದು. ಮುಂದೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ಹಿಂದೆ ಎರಡು. ಗುಡುಗೋ ದಪ್ಪದ್ದು ಮೂಲೇಲಿ, ನೆಲದ ಮೇಲೆ! ಕೇಳೋನು ಮಧ್ಯೆ! ಯಾರ ಮನೆಯಾಗ್ಲಿ, ಸದ್ದು ಮಾಡೋವು ಆರಿದ್ರೆ ಹಿಂಗೇ ಕೂರಿಸಬೇಕು! ಮೂರಾಯ್ತು, ನಡಿ ಮನೆಗೆ!"

ಪುಟ್ಟತಾಯಮ್ಮ ಅಣ್ಣನ ಕಾಲು ಹಿಡಿದಳು. "ಅಣ್ಣಯ್ಯ, ಭಾನುವಾರ ಹೆಣ್ಣು ನೋಡೋ ಶಾಸ್ತ್ರ! ಅದೊಂದು ಆಗೋಗಂಟ ಕೆಲಸದಲ್ಲಿಟ್ಕೊ!"

"ಆಗ್ಲಿ ತಂಗಿ. ಅವತ್ತೂ ಎಡವಟ್ಟಾದ್ರೆ ನನ್ನ ಹೆಸರೆತ್ತಬ್ಯಾಡ!"

ಭಾನುವಾರ ಬೆಟ್ಟೇಗೌಡರ ಮನೆಯಲ್ಲಿ ಹೆಣ್ಣಿನ ಚಿಕ್ಕಪ್ಪಂದಿರು ಇಬ್ಬರು, ಅತ್ತೆಯರು ಇಬ್ಬರು, ಅಜ್ಜ ಒಬ್ಬರು ಕೂತಿದ್ದರು. ಎಲ್ಲರದೂ ಒಟ್ಟಿಗೇ ಮಾತು. ನಡುವೆ ಮರದ ಕುರ್ಚಿ ತುಂಬ ಬೆಟ್ಟೇಗೌಡರು. ಅವರು "ಹೂಂ" ಅಂದರೆ ಸೂರಿನ ತಗಡು ಅದುರುತ್ತಿತ್ತು.

ಬೋರಲಿಂಗ ಎಣಿಸಿದ. ಐದು ಸಣ್ಣವು, ಒಂದು ದಪ್ಪದ್ದು!

"ಚಿಕ್ಕಪ್ಪ, ನೀವು ಎಡಕ್ಕೆ. ನೀವು ಬಲಕ್ಕೆ. ಅಜ್ಜ, ನಡುವೆ ಬನ್ನಿ. ಅತ್ತೆಯೋರೇ, ಇಬ್ರೂ ನನ್ನ ಬೆನ್ನ ಹಿಂದೆ. ಗೌಡ್ರೇ, ಮೂಲೇಲಿ ನೆಲದ ಮೇಲೆ ಕೂತ್ಕೊಳ್ಳಿ!"

ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. ಜೊತೆಗೆ ಬಂದಿದ್ದ ಜವರಪ್ಪ ಸೆರಗಿಲ್ಲದಿದ್ದರೂ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಗೌಡರು ಎಷ್ಟು ಬೆರಗಾದರೆಂದರೆ, ಹೋಗಿ ಕೂತೇಬಿಟ್ಟರು! ಬೋರಲಿಂಗ ಮಧ್ಯದಲ್ಲಿ ಕೂತು, "ಈಗ ಮಾತಾಡಿ, ಚೆನ್ನಾಗಿ ಕೇಳ್ತದೆ" ಅಂದ.

ಕಾಫಿ ತಟ್ಟೆ ಹಿಡಿದು ಬಂದ ಚಂದ್ರಮತಿ, ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಅಪ್ಪನನ್ನು ನೋಡಿದಳು. ನಕ್ಕಳು, ನಕ್ಕಳು, ಕಾಫಿಯೆಲ್ಲ ತಟ್ಟೆಗೆ ಚೆಲ್ಲುವ ತನಕ ನಕ್ಕಳು.

"ನಮ್ಮಪ್ಪನ್ನ ನೆಲಕ್ಕೆ ಕೂರಿಸಿದ ಗಂಡಸು ಈ ಸೀಮೇಲಿ ಇವರೊಬ್ಬರೇ. ನನಗೆ ಒಪ್ಪಿಗೆ!"

ಪುಟ್ಟತಾಯಮ್ಮ ಮೊದಲ ಸಲ ಹಣೆ ಚಚ್ಚಿಕೊಳ್ಳದೆ, ಕಣ್ಣೊರೆಸಿಕೊಂಡಳು. ಜವರಪ್ಪ ಕೆಲಸ ಕಾಯಂ ಮಾಡಿದ. ಲಗ್ನ ಗೊತ್ತಾಯಿತು.

ಮದುವೆ ದಿನ ಛತ್ರ ತುಂಬ ಜನ. ಬಾಗಿಲಲ್ಲಿ ಎಲೆಅಡಿಕೆ ಕೊಡುತ್ತ ನಿಂತಿದ್ದಳು ಪುಟ್ಟತಾಯಮ್ಮ. ಗಟ್ಟಿಮೇಳ ಆಯಿತು ಅಂತ ಓಡಿ ಬಂದು ನೋಡಿದಳು. ಮಗ ತಾಳಿ ಕಟ್ಟುತ್ತಿದ್ದ. ಒಂದು ಗಂಟು, ಎರಡು ಗಂಟು, ಮೂರು ಗಂಟು.

"ಸಾಕು ಸಾಕು!" ಅಂದರು ಪುರೋಹಿತರು.

"ನಾಲ್ಕು ಬೇಕು ಸ್ವಾಮಿ, ಇಲ್ದಿದ್ರೆ ಅಲ್ಲಾಡ್ತದೆ!" ಅಂತ ಬೋರಲಿಂಗ ನಾಲ್ಕನೆಯದನ್ನೂ ಬಿಗಿದ.

ಹೋಗಲಿ, ಒಂದು ಗಂಟು ಹೆಚ್ಚಾದರೇನು ಅಂತ ಪುಟ್ಟತಾಯಮ್ಮ ಸಮಾಧಾನದಿಂದ ಬಾಗಿಲಿಗೆ ಮರಳಿದಳು. ಹಿಂದೆಯೇ ಬಾಸಿಂಗ ಕಟ್ಟಿಕೊಂಡು, ಅಕ್ಷತೆ ಉದುರಿಸಿಕೊಂಡು ಬಂದ ಮದುಮಗ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ.

"ಲೋ ಲೋ! ಎಲ್ಲಿಗ್ಲಾ?"

"ಮನೆಗೆ ಕಣವ್ವ. ಕೆಲಸ ಆಯ್ತಲ್ಲ."

"ಅಯ್ಯೋ, ಹೆಣ್ಣೆಲ್ಲಿ?"

"ಅಲ್ಲೇ ಅವಳೆ. ನಾಲ್ಕೂ ಬಿಗಿದಿವ್ನಿ ಅವ್ವ, ಅಲ್ಲಾಡಾಕಿಲ್ಲ!"