ಬಿಡು ಎಂಬ ಕೂಗು

“ಗುರುಗಳೇ, ಕೆಡುಕೆಂದು ಗೊತ್ತಿದ್ದೂ ಒಂದು ಮಾತನ್ನು ಕೈಬಿಡಲೊಲ್ಲದ ಸಭೆಯಲ್ಲಿ ಕೂತಿರುವುದು ಧರ್ಮವೋ, ಎದ್ದು ಬರುವುದು ಧರ್ಮವೋ?”

ನಮಸ್ಕಾರಕ್ಕೆ ಬಾಗಿದ ನೀಲಲೋಚನೆ ಪೂರ್ತಿ ಏಳುವ ಮುನ್ನವೇ ಇದನ್ನು ಕೇಳಿದಳು. ಮಠದ ಜಗುಲಿಯ ಮೇಲಿದ್ದ ಗುರುಗಳು ಕುಳಿತುಕೋ ಎಂದು ಕೈಯಲ್ಲಿ ತೋರಿದರು. ಅವಳು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳತೊಡಗಿದಳು.

ಅವಳದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆಯ ವಿಚಾರ. ಹಳೆಯ ಭಾಷೆ. ವಿಮಾನದ ಒಳಗೂ ಅದೇ, ಆಸ್ಪತ್ರೆಯ ಯಂತ್ರದ ಒಳಗೂ ಅದೇ. ಅದು ಯಾರೊಬ್ಬರ ಸೊತ್ತೂ ಅಲ್ಲ. ಹಲವು ದೇಶಗಳ ಬಲ್ಲವರು ಸಭೆ ಸೇರಿ, ಮೂರು ವರ್ಷಕ್ಕೊಮ್ಮೆ ಅದರ ನಿಯಮಗಳ ಹೊಸ ಆವೃತ್ತಿಯನ್ನು ಹೊರಡಿಸುತ್ತಾರೆ. ಶಿವನ ದಯೆಯಿಂದ ಆ ಸಭೆಯಲ್ಲಿ ನೀಲಲೋಚನೆಗೂ ಒಂದು ಕುರ್ಚಿ ಸಿಕ್ಕಿತ್ತು.

ಆ ಭಾಷೆಯಲ್ಲಿ ಒಂದು ಹಳೆಯ ದೋಷವಿತ್ತು. ಪ್ರೋಗ್ರಾಂ ತನಗೆ ಬೇಕಾದಷ್ಟು ಮೆಮೊರಿಯನ್ನು ಕೇಳಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತದೆ. ಹಿಂದಿರುಗಿಸಿದ ಜಾಗಕ್ಕೇ ಮರೆತು ಮತ್ತೆ ಕೈಹಾಕಿದರೆ ಏನಾಗುತ್ತದೆ? ಏನು ಬೇಕಾದರೂ ಆಗಬಹುದು ಎಂದಷ್ಟೇ ನಿಯಮ ಹೇಳುತ್ತದೆ. ಹೋದ ವರ್ಷ ಒಂದು ಆಸ್ಪತ್ರೆಯಲ್ಲಿ, ಹನಿಹನಿಯಾಗಿ ಔಷಧ ಇಳಿಸುವ ಯಂತ್ರ ಹೀಗೆಯೇ ಕೈಹಾಕಿತು. ಇಡೀ ದಿನದ ಔಷಧ ಒಂದೇ ಸಲಕ್ಕೆ ಮೈಗಿಳಿದು, ಆಗಷ್ಟೇ ಹೆತ್ತಿದ್ದ ಬಾಣಂತಿ ತೀರಿಕೊಂಡಳು.

ಈ ದಾರಿಯನ್ನೇ ಮುಚ್ಚಿಬಿಡೋಣ ಎಂಬ ಸಲಹೆಯನ್ನು ನೀಲಲೋಚನೆ ಸಭೆಯ ಮುಂದೆ ಇಟ್ಟಳು. ಹಳೆಯ ಪ್ರೋಗ್ರಾಂ ಒಂದೂ ಕೆಡಬಾರದು, ಕೋಟಿಗಟ್ಟಲೆ ಸಾಲುಗಳು ಹಾಗೇ ನಡೆದುಕೊಂಡು ಬಂದಿವೆ ಎಂದರು ಹಿರಿಯರು. ಹಲ್ಲುನೋವು ಎಂದವರ ತಲೆಯನ್ನೇ ತೆಗೆಯಲು ಹೊರಟಿದ್ದೀರಲ್ಲ ಎಂದು ಅಧ್ಯಕ್ಷರು ನಕ್ಕರು. ಸಭೆಯೂ ನಕ್ಕಿತು. ಆಮೇಲೆ ಮುಂದಿನ ಆವೃತ್ತಿಗೆ ಬರಲಿರುವ ಹೊಸ ಸೌಲಭ್ಯಗಳ ಮಾತು ನಡೆಯಿತು. ಇನ್ನು ಮೇಲೆ ಪ್ರೋಗ್ರಾಂ ಕನ್ನಡಿ ನೋಡಿಕೊಂಡಂತೆ ತನ್ನ ರಚನೆಯನ್ನು ತಾನೇ ನೋಡಿಕೊಳ್ಳುವುದಂತೆ. ಕೆಲಸಕ್ಕೆ ಕೈಹಾಕುವ ಮೊದಲೇ ಕರಾರು ಮಾಡಿಕೊಳ್ಳುವುದಂತೆ. ಹತ್ತು ಕೆಲಸಗಳನ್ನು ಒಟ್ಟಿಗೆ ಹೊಂದಿಸಿ ನಡೆಸುವುದಂತೆ. ಒಂದೊಂದಕ್ಕೂ ಚಪ್ಪಾಳೆ ಬಿತ್ತು. ಸತ್ತವಳ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

“ಮನೆಗೆ ಬಂದರೆ ಅತ್ತೆಯವರೂ ಹೋಗಲಿ ಬಿಡು ಅಂದರು. ಗೆಳತಿಯೂ ಬಿಡೇ ಅಂದಳು. ಈಗ ಒಳಗೆ ಬರುವಾಗ ನಿಮ್ಮ ಅಡುಗೆಯ ರಾಚವ್ವನೂ ನನ್ನ ಮುಖ ನೋಡಿ, ಏನೇ ಇರಲಿ ಬಿಡವ್ವಾ, ಮೊದಲು ಊಟ ಮಾಡು ಅಂದಳು.” ಕೆಲವು ಕಿರಿಯರು ಬೇರೆ ಹೊಸ ಭಾಷೆಯನ್ನೇ ಕಟ್ಟಿದ್ದಾರೆ, ಅದರಲ್ಲಿ ಈ ದೋಷಕ್ಕೆ ಎಡೆಯೇ ಇಲ್ಲ, ತನ್ನನ್ನೂ ಕರೆದಿದ್ದಾರೆ, ನಾಳೆ ಸಭೆಗೆ ರಾಜೀನಾಮೆ ಕೊಟ್ಟು ಆ ಕಡೆಗೆ ಹೋಗುತ್ತೇನೆ ಎಂದಳು. “ನೀವು ಮಾತ್ರ ನನಗೆ ಸಮಾಧಾನ ಹೇಳಬೇಡಿ.”

“ಹೇಳುವುದಿಲ್ಲ,” ಎಂದರು ಗುರುಗಳು. “ತಾಯಿ ಸತ್ತ ಕೂಸು ಅಳುತ್ತಿರುವಾಗ ಸಮಾಧಾನದಿಂದ ಇರಬಲ್ಲವರನ್ನು ಕಂಡರೆ ನನಗೇ ಭಯ. ಒಂದು ಕತೆ ಇದೆ, ಕೇಳು.”

ಒಂದು ಕಲ್ಲುಬೆಟ್ಟದ ಸೀಮೆ. ಗುಡಿಗಳಿಗೆ, ಮಂಟಪಗಳಿಗೆ ಕಂಬಗಳನ್ನು ಎಳೆದು ನಿಲ್ಲಿಸುವ ತಂಡಗಳು ಅಲ್ಲಿ ಬಹಳ ಇದ್ದವು. ದೊಡ್ಡ ಕಂಬಕ್ಕೆ ಒಂದು ಊರಿನ ಜನ ಸಾಲದು, ಹಲವು ಊರಿನವರು ಒಂದೇ ಹಗ್ಗ ಹಿಡಿಯಬೇಕು. ಹಾಗಾಗಿ ಎಲ್ಲ ತಂಡಗಳ ಹಿರಿಯರು ಕೂಡಿ, ಹಗ್ಗದ ಮೇಲೆ ಕೂಗಬೇಕಾದ ಮಾತುಗಳನ್ನು ಗೊತ್ತುಮಾಡಿದರು. ಎಳೆ ಎಂದರೆ ಎಲ್ಲರೂ ಎಳೆಯಬೇಕು. ನಿಲ್ಲು ಎಂದರೆ ಎಲ್ಲರೂ ಕಾಲೂರಿ ನಿಲ್ಲಬೇಕು, ಹಗ್ಗವನ್ನು ಏನು ಮಾಡಬೇಕೆಂಬುದು ಅದರಲ್ಲಿಲ್ಲ.

ಒಂದು ಕೂಗಿನಲ್ಲಿ ಮಾತ್ರ ತೊಡಕಾಯಿತು. ಮೇಲಿನ ಸೀಮೆಯವರಿಗೆ ಬಿಡು ಎಂದರೆ ಹಗ್ಗ ಸಡಿಲಿಸು ಎಂದು. ಕೆಳಗಿನ ಸೀಮೆಯವರಿಗೆ ಬಿಡು ಎಂದರೆ ಇದ್ದ ಹಾಗೇ ಇರಲಿ, ಬಿಗಿ ಹಿಡಿದುಕೋ, ಅಲುಗಿಸಬೇಡ ಎಂದು. ಇವರೂ ಸೋಲಲಿಲ್ಲ, ಅವರೂ ಸೋಲಲಿಲ್ಲ. ಕೊನೆಗೆ ಹಿರಿಯರು ಕಟ್ಟಳೆ ಮಾಡಿದರು: ಬಿಡು ಎಂದು ಕೂಗಿದಾಗ ಏನಾಗುವುದೋ ಹೇಳಲಾಗದು, ಕೂಗುವವನೇ ಎಚ್ಚರವಾಗಿರಲಿ.

ಒಬ್ಬ ಕಲ್ಲುಕುಟಿಗನಿದ್ದ. ಅವನ ಅಣ್ಣ ಕಂಬದ ಕೆಳಗೆ ಬೆಣೆ ಇಡುತ್ತಿದ್ದಾಗ ಮೇಲಿನಿಂದ ಬಿಡು ಎಂಬ ಕೂಗು ಬಂತು. ಅರ್ಧ ಜನ ಹಿಡಿದರು, ಅರ್ಧ ಜನ ಸಡಿಲಿಸಿದರು. ಅಣ್ಣನ ಹೆಣವನ್ನು ಹೊರತೆಗೆಯಲು ಮತ್ತೆ ಅದೇ ಕಂಬವನ್ನು ಎತ್ತಬೇಕಾಯಿತು.

ಕಲ್ಲುಕುಟಿಗ ಹಿರಿಯರ ಮುಂದೆ ಹೋಗಿ, ಈ ಮಾತನ್ನು ಕಿತ್ತುಹಾಕಿ ಎಂದ. ನಮ್ಮ ಅಜ್ಜಂದಿರು ಹಗ್ಗ ಎಳೆಯುವಾಗ ಹಾಡುತ್ತಿದ್ದ ಪದಗಳಲ್ಲೆಲ್ಲ ಈ ಮಾತಿದೆ, ಕಿತ್ತರೆ ಪದವೇ ನಿಂತುಹೋಗುತ್ತದೆ ಎಂದರು ಅವರು. ಬೇಕಾದರೆ ಹೊಸ ಕೂಗುಗಳನ್ನು ಕೂಡಿಸೋಣ ಎಂದು ಒದ್ದೆ ಹಗ್ಗಕ್ಕೊಂದು, ಇಳಿಜಾರಿಗೊಂದು ಕೂಗು ಕೂಡಿಸಿದರು. ಮುಂದಿನ ಸಭೆಯಲ್ಲಿ ಮತ್ತೆ ಕೇಳಿದ. ಮತ್ತೆ ಕೂಡಿಸಿದರು. ಅವನ ಪರವಾಗಿ ಕೈಯೆತ್ತಿದವನು ಒಬ್ಬ ಮುದುಕ ಮಾತ್ರ. ಅಣ್ಣ ಹೋದ ದುಃಖಕ್ಕೆ ಪಾಪ ಇವನಿಗೆ ಮಾತಿನ ಮೇಲೇ ಹಗೆ ಹುಟ್ಟಿದೆ ಎಂದು ಉಳಿದವರು ಆಡಿಕೊಂಡರು.

ಕಲ್ಲುಕುಟಿಗ ತಲೆಯ ರುಮಾಲನ್ನು ಕೊಡವಿ ಎದ್ದ. ನಿಮ್ಮ ಕೂಗು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಹೇಳಿ ಹೊರಟ. ಬಾ ಎಂದು ಮುದುಕನನ್ನೂ ಕರೆದ. ಎಲ್ಲರೂ ಹೊರಟರೆ ಇವರಿಗೆ ಹೇಳುವವರು ಯಾರಪ್ಪಾ ಎಂದು ಮುದುಕ ಉಳಿದುಕೊಂಡ.

ಕಲ್ಲುಕುಟಿಗ ಬೇರೆ ತಂಡ ಕಟ್ಟಿದ, ಬೇರೆ ಕೂಗುಗಳನ್ನು ಕಲಿಸಿದ. ಸಡಿಲಿಸಬೇಕಾದರೆ ಒಂದು ಮಾತು. ಬಿಗಿ ಹಿಡಿಯಬೇಕಾದರೆ ನೆಲೆ ಎಂಬ ಮಾತು. ಒಂದೊಂದಕ್ಕೆ ಒಂದೇ ಅರ್ಥ. ಅವನ ತಂಡದಲ್ಲಿ ಯಾರ ಬೆರಳೂ ಜಜ್ಜಲಿಲ್ಲ. ಹಳಬರ ತಂಡದಲ್ಲಿ ಯಾರಾದರೂ ಸತ್ತ ಸುದ್ದಿ ಬಂದರೆ, ಸಾಯಲಿ, ಅವರೇ ಬೇಡಿಕೊಂಡದ್ದು ಎನ್ನುತ್ತಿದ್ದ. ಸಿಟ್ಟು ಅವನಲ್ಲಿ ಆರಿರಲಿಲ್ಲ.

ಇಲ್ಲಿ ನೀಲಲೋಚನೆ ತಲೆಯಾಡಿಸಿದಳು. ಆ ಮಾತು ಅವಳ ಬಾಯಿಗೂ ಎಷ್ಟೋ ಸಲ ಬಂದದ್ದೇ.

ಒಂದು ದಿನ ಅವನು ತನ್ನ ಬಂಡೆಯ ಮೇಲೆ ನಿಂತಿದ್ದ. ಎದುರಿನ ಇಳಿಜಾರಿನಲ್ಲಿ ಹಳಬರ ತಂಡ ಕಂಬ ಏರಿಸುತ್ತಿತ್ತು. ಹಗ್ಗದ ಒಂದು ಎಳೆ ಹರಿದದ್ದು ಇವನಿಗೆ ಕಂಡಿತು. ಕಂಬದ ಕೆಳಗೆ ಬೆಣೆ ಹಿಡಿದು ಬಗ್ಗಿದ್ದವನು ಅದೇ ಮುದುಕ. ಹಗ್ಗದ ತಲೆಯಲ್ಲಿದ್ದವನು ಬಿಡು ಎಂದು ಕೂಗಿದ. ಮುಂದೇನು ಎಂಬುದು ಇವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಕಲ್ಲುಕುಟಿಗ ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ:

“ನೆಲೆ! ನೆಲೆ!”

ಕೂಗು ಎದುರಿನ ಬೆಟ್ಟಕ್ಕೆ ಮುಟ್ಟಿತು. ಹಗ್ಗ ಹಿಡಿದವರೆಲ್ಲ ತಲೆಯೆತ್ತಿ ನೋಡಿದರು.

“ಯಾವ ನೆಲೆಯೋ? ಯಾರ ನೆಲೆ?” ಎಂದ ಒಬ್ಬ.

ಅಷ್ಟರಲ್ಲಿ ಕಂಬ ಕೆಳಗೆ ಬಂತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ನೀಲಲೋಚನೆಯ ಮುಖ ಕೆಂಪೇರಿತ್ತು. ಬಾಣಂತಿಯನ್ನು ಮರೆತು ಚಪ್ಪಾಳೆ ತಟ್ಟಿದ ಕೈಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಇದು ಅನ್ಯಾಯದ ಕತೆ ಎಂದು ಅವಳಿಗೆ ಅನಿಸಿತು.

“ಇದರಲ್ಲಿ ಅವನ ತಪ್ಪೇನಿದೆ, ಗುರುಗಳೇ? ಆ ಮಾತನ್ನು ಉಳಿಸಿಕೊಂಡವರು ಹಿರಿಯರು. ನಕ್ಕವರು ಅವರು. ಮುದುಕನನ್ನು ಕೊಂದವರೂ ಅವರೇ.”

“ತಪ್ಪೆಲ್ಲ ಅವರದೇ, ತಾಯಿ. ಸರಿಯಾದ ಮಾತು ಮಾತ್ರ ಇವನ ಬಾಯಲ್ಲಿತ್ತು, ಆ ಹಗ್ಗ ಹಿಡಿದವರ ಕಿವಿಗೆ ಅದು ಹೊಸದು.”

ನೀಲಲೋಚನೆ ನಿಂತಿದ್ದ ಜಾಗದಲ್ಲೇ ನೆಲದ ಮೇಲೆ ಕುಳಿತಳು.