ದರ್ಜಿಯ ಮಗಳ ಸೈಕಲ್

"ಗುರುಗಳೇ, ಚೆನ್ನಾಗಿ ಕಲಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ ಏನು ಮಾಡಬೇಕು?" ಎಂದು ಚಿದಾನಂದ ಕೇಳಿದ.

ಅವನು ಗುರುಗಳ ಬಳಿ ಹನ್ನೆರಡು ವರ್ಷ ಸಂಗೀತ ಕಲಿತು, ಈಗ ಅವರ ಮನೆಯಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಆ ಮಕ್ಕಳಲ್ಲಿ ಒಬ್ಬ ಹುಡುಗ ಮೊದಲ ವರ್ಷ ಎಲ್ಲರಿಗಿಂತ ಮುಂದಿದ್ದ. ಎರಡನೆಯ ವರ್ಷ ಅವನ ತಾಳ ತಪ್ಪತೊಡಗಿತು. ಬುನಾದಿ ಗಟ್ಟಿಯಾಗಲೆಂದು ಚಿದಾನಂದ ಅವನಿಂದ ದಿನವೂ ಅದೇ ಮೊದಲ ವರ್ಷದ ಸರಳೆಗಳನ್ನು ಹಾಡಿಸಿದ. ಹುಡುಗ ಇನ್ನಷ್ಟು ಹಿಂದೆ ಬಿದ್ದ. ಅವನನ್ನು ಪಾಠ ಬಿಡಿಸಿ ಮನೆಗೆ ಕಳಿಸುವುದೆಂದು ಚಿದಾನಂದ ನಿರ್ಧರಿಸಿದ್ದ. ಗುರುಗಳ ಒಪ್ಪಿಗೆಯೊಂದು ಬಾಕಿಯಿತ್ತು.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಈ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಹೆಂಡತಿ ತೀರಿಕೊಂಡಿದ್ದಳು. ರುಕ್ಮಾ ಎಂಬ ಒಬ್ಬಳೇ ಮಗಳು. ಶಾಲೆ ಪಕ್ಕದೂರಿನಲ್ಲಿತ್ತು. ಮಗಳಿಗೆ ಏಳು ತುಂಬಿದಾಗ ದರ್ಜಿ ಅವಳಿಗೊಂದು ಪುಟ್ಟ ಸೈಕಲ್ ಕೊಡಿಸಿದ. ಸೀಟು ಹಿಡಿದು ಹಿಂದೆ ಹಿಂದೆ ಓಡಿ ತಾನೇ ಕಲಿಸಿದ. ಸಂಜೆ ಅವಳ ಬೆಲ್ಲು ಕೇಳಿಸಿದರೆ ಸಾಕು, ಹೊಲಿಗೆ ಬಿಟ್ಟು ಬಾಗಿಲಿಗೆ ಬರುತ್ತಿದ್ದ.

ನಾಲ್ಕು ವರ್ಷ ಹೀಗೆ ನಡೆಯಿತು. ಐದನೆಯ ವರ್ಷ ಹುಡುಗಿ ಶಾಲೆಯಿಂದ ತಡವಾಗಿ ಬರತೊಡಗಿದಳು. ಬಂದವಳು ಮೊಣಕಾಲು ಹಿಡಿದು ಕೂರುತ್ತಿದ್ದಳು. ದರ್ಜಿ ಎಣ್ಣೆ ಕಾಯಿಸಿ ತಿಕ್ಕಿದ. ಕಡಿಮೆಯಾಗಲಿಲ್ಲ. ಆಸ್ಪತ್ರೆಗೆ ಕರೆದೊಯ್ದ. ಮೂಳೆಯಲ್ಲಿ ಏನೂ ತೊಂದರೆಯಿಲ್ಲ, ಹದಿನೈದು ದಿನ ವಿಶ್ರಾಂತಿ ಕೊಡಿ ಎಂದರು ಡಾಕ್ಟರು. ಮನೆಯಲ್ಲಿದ್ದಷ್ಟು ದಿನ ನೋವು ಇರಲಿಲ್ಲ. ಶಾಲೆಗೆ ಹೋಗತೊಡಗಿದ ವಾರದಲ್ಲೇ ಹುಡುಗಿ ಮತ್ತೆ ಕುಂಟಿದಳು.

ದರ್ಜಿಗೆ ಭಯ ಹತ್ತಿತು. ಅವನ ಹೆಂಡತಿಯ ಕಾಯಿಲೆಯೂ ಹೀಗೆಯೇ ಸಣ್ಣದೊಂದು ನೋವಿನಿಂದ ಶುರುವಾಗಿತ್ತು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಮಗಳನ್ನು ಕೂರಿಸಿಕೊಂಡು, "ಶಾಲೆ ಸಾಕು, ತಾಯಿ. ಮನೆಯಲ್ಲಿದ್ದು ನನ್ನ ಜೊತೆ ಗುಂಡಿ ಹೊಲಿ. ನಿನ್ನ ಕಾಲು ಉಳಿದರೆ ಸಾಕು ನನಗೆ" ಎಂದ.

ಹುಡುಗಿ ಎದುರಾಡಲಿಲ್ಲ. ಪುಸ್ತಕಗಳನ್ನು ಜೋಡಿಸಿ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಳು.

ಮರುದಿನ ದರ್ಜಿ ಸೈಕಲನ್ನು ಹಿಂದಕ್ಕೆ ಕೊಟ್ಟುಬಿಡಲು ಅದನ್ನು ಕೊಂಡಿದ್ದ ಅಂಗಡಿಗೆ ಹೊರಟ. ಮಗಳೂ ಜೊತೆಗೆ ಬಂದಳು. ಅಂಗಡಿಯ ಮುದುಕ ಚಕ್ರ ತಿರುಗಿಸಿ ನೋಡಿದ, ಬ್ರೇಕು ಒತ್ತಿ ನೋಡಿದ. "ಇನ್ನೂ ಚೆನ್ನಾಗಿದೆಯಲ್ಲ, ಯಾಕೆ ಕೊಡುತ್ತಿದ್ದೀರಿ?" ಎಂದು ಕೇಳಿದ. ದರ್ಜಿ ಎಲ್ಲವನ್ನೂ ಹೇಳಿದ. ಮುದುಕ ಸ್ವಲ್ಪ ಹೊತ್ತು ಹುಡುಗಿಯನ್ನು ನೋಡಿದ.

"ಒಂದು ಸಲ ಆ ಮೂಲೆಯವರೆಗೆ ತುಳಿದುಕೊಂಡು ಹೋಗು, ಮಗಳೇ" ಎಂದ.

ಹುಡುಗಿ ಹತ್ತಿ ತುಳಿದಳು. ಒಂದೊಂದು ತುಳಿತಕ್ಕೂ ಮೊಣಕಾಲು ಎದೆಯ ಹತ್ತಿರ ಬರುತ್ತಿತ್ತು. ತಿರುಗಿಸುವಾಗ ಹ್ಯಾಂಡಲ್ಲು ತಾಗದಂತೆ ಕಾಲನ್ನು ಅಗಲಿಸಿಕೊಳ್ಳುತ್ತಿದ್ದಳು. ದರ್ಜಿ ನಿಂತಲ್ಲೇ ನಿಂತ. ದಿನವೂ ಸಂಜೆ ಅವಳು ಬರುವುದನ್ನು ಅವನು ನೋಡಿದ್ದ. ಆದರೆ ಅವನು ನೋಡುತ್ತಿದ್ದದ್ದು ಅವಳ ಮುಖವನ್ನು.

"ಕಾಲಿಗೆ ಏನೂ ಆಗಿಲ್ಲ" ಎಂದ ಮುದುಕ. "ಬೆಳೆದಿದ್ದಾಳೆ, ಅಷ್ಟೆ."

ದರ್ಜಿಗೆ ನಾಚಿಕೆಯಾಯಿತು. ಆ ವರ್ಷವೊಂದರಲ್ಲೇ ಅವಳ ಲಂಗದ ಅಂಚಿನ ಮಡಿಕೆಯನ್ನು ಅವನು ಎರಡು ಸಲ ಬಿಚ್ಚಿ ಇಳಿಸಿದ್ದ. ಮಗಳು ಇಳಿದು ಬಂದಾಗ, "ಸೈಕಲ್ಲೇ ಚಿಕ್ಕದಾಗಿದೆ ಎಂದು ನೀನಾದರೂ ಹೇಳಬಾರದಿತ್ತೇ, ರುಕ್ಮಾ?" ಎಂದು ಕೇಳಿದ.

"ನನಗೆ ಗೊತ್ತಾಗಲಿಲ್ಲ, ಅಪ್ಪ" ಎಂದಳು ಅವಳು. "ನೀನು ಕಾಲಿಗೆ ಎಣ್ಣೆ ಹಚ್ಚಿದೆ. ಡಾಕ್ಟರಿಗೆ ಕಾಲು ತೋರಿಸಿದೆ. ನನ್ನ ಕಾಲೇ ಸರಿಯಿಲ್ಲ ಅಂದುಕೊಂಡೆ."

ದರ್ಜಿ ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಅಂಗಡಿಯೊಳಗಿದ್ದ ಎಲ್ಲಕ್ಕಿಂತ ಎತ್ತರದ ಸೈಕಲನ್ನು ತೋರಿಸಿ, "ಅದನ್ನೇ ಕೊಡಿ. ಇನ್ನು ಯಾವತ್ತೂ ಅವಳಿಗೆ ಚಿಕ್ಕದಾಗಬಾರದು" ಎಂದ.

ಮುದುಕ ಅದನ್ನು ಮುಟ್ಟಲಿಲ್ಲ. "ಅದು ಐದು ವರ್ಷದ ಮೇಲೆ ಬರುವ ಹುಡುಗಿಗೆ. ಇವತ್ತು ತುಳಿಯುವವಳು ಇವಳಲ್ಲವೇ?" ಎಂದ. ರುಕ್ಮಾಳನ್ನು ಒಂದಾದ ಮೇಲೊಂದರಂತೆ ನಾಲ್ಕು ಸೈಕಲ್‌ಗಳ ಮೇಲೆ ಕೂರಿಸಿ ನೋಡಿದ. ನಾಲ್ಕನೆಯದರಲ್ಲಿ ಕೂತಾಗ ಅವಳ ಕಾಲ್ಬೆರಳು ಮಾತ್ರ ನೆಲಕ್ಕೆ ತಾಗಿತು. ಅದನ್ನು ಕೊಟ್ಟ. "ಆರು ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ, ಸೀಟು ಏರಿಸಿಕೊಡುತ್ತೇನೆ" ಎಂದ.

ಹೊಸ ಸೈಕಲ್ ಹುಡುಗಿಗೆ ಮೊದಲು ಒಗ್ಗಲಿಲ್ಲ. ಅಂಗಡಿಯ ಮುಂದಿನ ತಿರುವಿನಲ್ಲೇ ಬಿದ್ದು ಮೊಣಕೈ ತರಚಿಕೊಂಡಳು. ದರ್ಜಿ ಓಡಿ ಹೋಗಿ ಸೀಟು ಹಿಡಿದುಕೊಂಡ. ಅವಳು ಮತ್ತೆ ಹತ್ತಿ ಹತ್ತು ಮಾರು ಹೋದ ಮೇಲೆ, "ಬಿಡು ಅಪ್ಪ" ಎಂದಳು. ಅವನಿಗೆ ಬಿಡಲು ಮನಸ್ಸಿರಲಿಲ್ಲ. ಆದರೂ ಬಿಟ್ಟ. ಸೈಕಲ್ ಓಲಾಡಿತು, ನೆಟ್ಟಗಾಯಿತು, ಊರಿನ ದಾರಿ ಹಿಡಿಯಿತು. ದರ್ಜಿ ಮನೆ ಸೇರುವ ಹೊತ್ತಿಗೆ ಹುಡುಗಿ ಅಟ್ಟದಿಂದ ಪುಸ್ತಕಗಳನ್ನು ಇಳಿಸಿ, ಬಟ್ಟೆಯ ಗಂಟು ಬಿಚ್ಚುತ್ತಾ ಕೂತಿದ್ದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಚಿದಾನಂದ ತಲೆ ತಗ್ಗಿಸಿದ. ಆಮೇಲೆ, "ನಾಳೆಯೇ ಆ ಹುಡುಗನನ್ನು ಕರೆದು, ಎಲ್ಲಿ ತಪ್ಪಾಗಿದೆ ಎಂದು ಅವನನ್ನೇ ಕೇಳುತ್ತೇನೆ, ಗುರುಗಳೇ" ಎಂದ.

"ಕೇಳಿದರೆ ತಪ್ಪು ತನ್ನದೇ ಎನ್ನುತ್ತಾನೆ" ಎಂದರು ಗುರುಗಳು, "ಮಕ್ಕಳು ನಮ್ಮನ್ನು ಅಷ್ಟು ನಂಬಿರುತ್ತಾರೆ."

ಮರುದಿನ ಚಿದಾನಂದ ಹುಡುಗನನ್ನು ಏನೂ ಕೇಳದೆ, ಸರಳೆಗಳನ್ನು ಬದಿಗಿಟ್ಟು, ಮುಂದಿನ ಪಾಠಗಳನ್ನು ಒಂದೊಂದಾಗಿ ಹಾಡಿಸಿ ನೋಡಿದ.